ದೋಷಾಂಕಗಳ ಪೂರ್ವವೃತ್ತಾಂತ

1969ರಲ್ಲಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಎಂಬ ಮೇಧಾವಿಗಳ ಕೈಯಲ್ಲಿ ಯೂನಿಕ್ಸ್ ಜನ್ಮ ತಳೆದಾಗ, ಪ್ರೋಗ್ರಾಮೊಂದು ಕರ್ನಲ್ಲನ್ನು ಬೇಡಿದ ಕಾರ್ಯವು ನೆರವೇರದೆ ಹೋದರೆ ಅದರ ಕಾರಣವನ್ನು ಅರುಹುವ ಬಗೆ ಯಾವುದೆಂಬ ಪ್ರಶ್ನೆಯು ಅಷ್ಟೇನೂ ಗಹನವೆಂದು ತೋರಿರಲಾರದು. ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆ ನೆಲೆಗೊಂಡ ಪಿಡಿಪಿ-11 ಯಂತ್ರದಲ್ಲಿ ಕರ್ನಲ್ಲು ಪ್ರೊಸೆಸರಿನ ಕ್ಯಾರಿ ಬಿಟ್ಟನ್ನು 1 ಮಾಡಿ, ಕಾರಣಸೂಚಕವಾದ ಅಂಕಿಯನ್ನು ಒಂದು ರಿಜಿಸ್ಟರಿನಲ್ಲಿ ಇರಿಸುತ್ತಿತ್ತು; ಸಿ ಭಾಷೆಯ ಲೈಬ್ರರಿಯು ಆ ಅಂಕಿಯನ್ನು ಎರ್‌ನೋ ಎಂಬ ಚರದಲ್ಲಿ ಬರೆದಿಟ್ಟು, ಕರೆದವರಿಗೆ -1 ಎಂಬ ಉತ್ತರವನ್ನು ಮಾತ್ರ ಕೊಡುತ್ತಿತ್ತು. ಫೈಲು ಇಲ್ಲದಿದ್ದರೆ 2, ಓದುಬರಹದಲ್ಲಿ ಯಂತ್ರಕ್ಕೇ ವಿಘ್ನ ಬಂದರೆ 5, ಅನುಮತಿ ಇಲ್ಲದಿದ್ದರೆ 13.

ಯೂನಿಕ್ಸಿನ ಸಂತತಿ ಕವಲೊಡೆದಂತೆ ಅಂಕಿಗಳೂ ಕವಲೊಡೆದವು. ಲಿನಕ್ಸಿನಲ್ಲಿ 11 ಎಂದರೆ ‘ಮತ್ತೆ ಪ್ರಯತ್ನಿಸು’, 35 ಎಂದರೆ ಡೆಡ್‌ಲಾಕ್. ಯೂನಿಕ್ಸಿನ ಬರ್ಕ್‌ಲಿ ಕವಲಿನ ಪರಂಪರೆಗೆ ಸೇರಿದ ಮ್ಯಾಕ್‌ಓಎಸ್‌ನಲ್ಲಿ ಇವೆರಡರ ಅರ್ಥಗಳು ಪರಸ್ಪರ ಅದಲುಬದಲಾಗಿವೆ. ಸಂಪರ್ಕ ನಿರಾಕೃತವಾದುದಕ್ಕೆ ಲಿನಕ್ಸಿನಲ್ಲಿ 111, ಮ್ಯಾಕ್‌ಓಎಸ್‌ನಲ್ಲಿ 61, ವಿಂಡೋಸ್‌ನಲ್ಲಿ 10061. ವಿಂಡೋಸ್ ಅಂತೂ ಬೇರೊಂದೇ ವಂಶದ್ದಾದ ಕಾರಣ ಅದರ 5 ಎಂಬ ಅಂಕಿ ಅನುಮತಿಯ ನಿರಾಕರಣೆಯನ್ನು ಹೇಳುತ್ತದೆ. ಬರಿಯ ಅಂಕಿಯನ್ನೇ ನಂಬಿದ ಪ್ರೋಗ್ರಾಮು ಮುಚ್ಚಿದ ಬಾಗಿಲನ್ನು ಕುಸಿದ ಗೋಡೆಯೆಂದು ಬಗೆದೀತು.

1988ರ ಪಾಸಿಕ್ಸ್ ಪ್ರಮಾಣವು ದೋಷಗಳ ಹೆಸರುಗಳನ್ನು ನಿಶ್ಚಯಿಸಿತು, ಅಂಕಿಗಳನ್ನು ಆಯಾ ವ್ಯವಸ್ಥೆಗೇ ಬಿಟ್ಟಿತು. ಇದು ವಿವೇಕದ ನಿರ್ಣಯವೆಂದು ನಾನು ಭಾವಿಸುತ್ತೇನೆ. ಆದರೂ ಹೆಸರಿನ ಹಿಂದಿರುವ ಅರ್ಥವನ್ನು ಬಳಕೆದಾರನಿಗೆ ಮುಟ್ಟಿಸುವ ಹೊಣೆಯು ಬಹುಕಾಲ ಅನಾಥವಾಗಿಯೇ ಉಳಿಯಿತು. ಪೈಥಾನ್ ಭಾಷೆಯಲ್ಲಿ ಒಂದೇ ಬಗೆಯ ವೈಫಲ್ಯಕ್ಕೆ ಐಓಎರರ್, ಓಎಸ್ಎರರ್, ವಿಂಡೋಸ್ಎರರ್ ಎಂದು ಹಲವು ಎಕ್ಸೆಪ್ಶನ್‌ಗಳಿದ್ದು, ಯಾವುದು ಎಲ್ಲಿ ಉದ್ಭವಿಸುವುದೆಂಬುದನ್ನು ಊಹಿಸಿ ಅಂಕಿಯನ್ನು ಹೋಲಿಸಿ ನೋಡಬೇಕಾಗಿತ್ತು. 2012ರಲ್ಲಿ ಬಂದ 3.3ನೆಯ ಆವೃತ್ತಿಯು ಇವನ್ನೆಲ್ಲ ಓಎಸ್ಎರರ್ ಎಂಬೊಂದರಲ್ಲಿ ಲೀನಗೊಳಿಸಿ, ಫೈಲ್ ಸಿಗದಿರುವುದು, ಅನುಮತಿ ಇಲ್ಲದಿರುವುದು ಮೊದಲಾದ ಪ್ರಸಂಗಗಳಿಗೆ ಅರ್ಥಾನುಸಾರಿಯಾದ ಉಪವರ್ಗಗಳನ್ನು ಒದಗಿಸಿತು.

ಅಂಕಿಯನ್ನು ಹೀಗೆ ಅರ್ಥದ ಹೆಸರಿಗೆ ತಿರುಗಿಸುವ ಅನುವಾದದಲ್ಲಿ ಸೂಕ್ಷ್ಮಾಂಶಗಳು ನಷ್ಟವಾಗುವ ಭಯ ಇದ್ದೇ ಇದೆ. ಆದುದರಿಂದ ಮೂಲದ ಅಂಕಿಯನ್ನು ಅಳಿಸದೆ ಜೊತೆಗಿರಿಸಿಕೊಂಡುದನ್ನೇ ನಾನು ಈ ಸುಧಾರಣೆಯ ಶ್ರೇಷ್ಠಾಂಶವೆಂದು ಎಣಿಸುತ್ತೇನೆ. ವಿಂಡೋಸ್‌ನಲ್ಲಿ ಫೈಲೇ ಇಲ್ಲದಿದ್ದರೆ 2, ಅದಕ್ಕೆ ಹೋಗುವ ದಾರಿಯೇ ಇಲ್ಲದಿದ್ದರೆ 3. ಪೈಥಾನ್ ಎರಡನ್ನೂ ಒಂದೇ ಎಕ್ಸೆಪ್ಶನ್ನಾಗಿ ತೋರಿಸಿದರೂ, ಅದರೊಳಗಿನ ವಿನ್‌ಎರರ್ ಎಂಬ ಅಂಶದಲ್ಲಿ ಆ ಭೇದವು ಹಾಗೆಯೇ ಉಳಿದಿರುತ್ತದೆ.