ಗಿರೀಶ ಕಾರ್ನಾಡರ ಸಾಕ್ಷ್ಯಚಿತ್ರಗಳು

ಗಿರೀಶ ಕಾರ್ನಾಡರ (1938–2019) ನಾಟಕಗಳನ್ನು ಕುರಿತ ಅಧ್ಯಯನಗಳ ವಿಸ್ತಾರಕ್ಕೆ ಹೋಲಿಸಿದರೆ ಅವರ ಸಾಕ್ಷ್ಯಚಿತ್ರಗಳಿಗೆ ಸಂದ ಗಮನ ಅತ್ಯಲ್ಪ. ಇವು ಸಂಖ್ಯೆಯಲ್ಲಿ ಕಡಿಮೆ. ಆದರೆ ಬಿಡಿಬಿಡಿ ಕೆಲಸಗಳಲ್ಲ.

ಮೊದಲನೆಯದು 1972ರ ‘ದ. ರಾ. ಬೇಂದ್ರೆ’. ‘ನಾಕುತಂತಿ’ಗೆ ಜ್ಞಾನಪೀಠ ಬಂದದ್ದು ಮರುವರ್ಷ. ಎಂದರೆ ಆ ಮನ್ನಣೆಗೆ ಮುಂಚೆಯೇ, ಧಾರವಾಡದಲ್ಲಿ ಬೆಳೆದ ನಾಟಕಕಾರರು ಧಾರವಾಡದ ಕವಿಯನ್ನು ಬದುಕಿದ್ದಾಗಲೇ ದಾಖಲಿಸಿದರು. 1981ರಲ್ಲಿ ಬೇಂದ್ರೆಯವರು ತೀರಿಕೊಂಡ ಮೇಲೆ ಅದು ಚರಿತ್ರೆಯ ಆಕರವಾಯಿತು. ಕವಿಯ ಮುಖಭಾವವನ್ನು ಮುದ್ರಿತ ಪುಟ ಉಳಿಸಿಕೊಡದು.

ಮುಂದಿನವು ತಡವಾಗಿ ಬಂದವು. ದಾಸರನ್ನು ಕುರಿತ ‘ಕನಕ ಪುರಂದರ’ 1988ರ ಚಿತ್ರ. ಅತ್ಯುತ್ತಮ ಕಥೇತರ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ಬೆನ್ನಿಗೇ ಸೂಫಿ ಮತ್ತು ಭಕ್ತಿ ಪಂಥಗಳನ್ನು ಕುರಿತ ‘ದ ಲ್ಯಾಂಪ್ ಇನ್ ದ ನಿಚ್’ ಬಂದಿತು. ಸಾಮಾಜಿಕ ವಿಷಯದ ವಿಭಾಗದಲ್ಲಿ ಅದಕ್ಕೂ ರಾಷ್ಟ್ರಪ್ರಶಸ್ತಿ ದೊರೆಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಭಜನಾಮೇಳಗಳಿಗೆ ಈ ವಸ್ತು ಹೊಸದೇನಲ್ಲ: ದಾಸರ ಪದವೂ ಶಿಶುನಾಳ ಶರೀಫರ ತತ್ತ್ವಪದವೂ ಅಲ್ಲಿ ಒಂದೇ ಇರುಳಿನ ಹಾಡುಗಳು.

ಹನ್ನೆರಡನೆಯ ಶತಮಾನದ ಶರಣರ ದುರಂತವನ್ನು ವಸ್ತುವಾಗಿಸಿಕೊಂಡ ‘ತಲೆದಂಡ’ ನಾಟಕ 1990ರದು. ಅದನ್ನು ಮಂಡಲ ವರದಿ ಮತ್ತು ಅಯೋಧ್ಯೆಯ ವಿವಾದಗಳ ಹಿನ್ನೆಲೆಯಲ್ಲಿಯೇ ಓದುವುದು ರೂಢಿ. ಅದಕ್ಕೆ ತುಸು ಮುಂಚೆ ಭಕ್ತಿಯ ಸಾಮಾಜಿಕ ಚರಿತ್ರೆಯನ್ನು ಕಾರ್ನಾಡರು ಕ್ಯಾಮೆರಾದ ಮೂಲಕ ಶೋಧಿಸಿದ್ದರೆಂಬುದನ್ನು ವಿಮರ್ಶಕರು ಲಕ್ಷಿಸಿದ್ದು ವಿರಳ.