ದಡದಲ್ಲಿ ನಿಂತು ಮುರೆಲ್ ಮೀನಿನ ನೆಲೆ ಗುರುತಿಸುವುದು

ಊರ ಕೆರೆಯ ಏರಿಯ ಮೇಲೆ ಬಾಲ್ಯದಲ್ಲಿ ಕಲಿತ ಗಾಳದ ವಿದ್ಯೆಯನ್ನು ಮಹಾನಗರದ ಭಾನುವಾರಗಳಲ್ಲಿ ನೆನೆಸಿಕೊಳ್ಳುವ ಹಿರಿಯರು ನಮ್ಮ ಬಳಗದಲ್ಲಿ ಹಲವರಿದ್ದಾರೆ. ಅಮೆರಿಕದಿಂದ ರಜೆಗೆ ಬಂದ ಮಕ್ಕಳು ಅಲ್ಲಿನ ಬಾಸ್ ಮೀನಿನ ವಿಷಯ ಹೇಳುವುದನ್ನೂ ನಾವು ಕೇಳಿದ್ದೇವೆ. ದೋಣಿಯ ಹಂಗಿಲ್ಲದೆ ದಡದಿಂದಲೇ ಬಾಸ್ ಹಿಡಿಯುವುದು ಆ ದೇಶದಲ್ಲಿ ಬಹುಜನಪ್ರಿಯ ಹವ್ಯಾಸ. ಬಾಸ್ ನಮ್ಮ ನಾಡಿನ ಮೀನಲ್ಲ. ಆದರೆ ಕಳೆಯ ನಡುವೆ ಅಡಗಿ ಕುಳಿತು ಬೇಟೆಯಾಡುವುದರಲ್ಲಿ, ಮರಿಗಳನ್ನು ಕಾಯುವುದರಲ್ಲಿ ಅದನ್ನೇ ಹೋಲುವ ಮೀನೊಂದು ನಮ್ಮ ಕೆರೆಗಳಲ್ಲಿದೆ. ಅದೇ ಮುರೆಲ್.

ಕರ್ನಾಟಕದಲ್ಲಿ ಇದನ್ನು ಊರಿಗೊಂದರಂತೆ ಕೊರವ, ಕುಚ್ಚು ಎಂದೆಲ್ಲ ಕರೆಯುತ್ತಾರೆ. ಪುಣೆಯ ಮಾರುಕಟ್ಟೆಯಲ್ಲಿ ಇದು ಮರಳ್, ಚೆನ್ನೈಯಲ್ಲಿ ವಿರಾಲ್, ಹೈದರಾಬಾದಿನಲ್ಲಿ ಕೊರಮೀನು. ತೆಲಂಗಾಣ ಇದನ್ನೇ ತನ್ನ ರಾಜ್ಯ ಮೀನೆಂದು ಆರಿಸಿಕೊಂಡಿದೆ. ಮೃಗಶಿರಾ ಕಾರ್ತೆಯಂದು ಹೈದರಾಬಾದಿನಲ್ಲಿ ಆಸ್ತಮಾ ರೋಗಿಗಳಿಗೆ ಕೊಡುವ ‘ಮೀನಿನ ಪ್ರಸಾದ’ದಲ್ಲಿ ಬಳಸುವುದೂ ಇದರ ಮರಿಯನ್ನೇ, ಆ ಪ್ರಸಾದದ ಗುಣಾವಗುಣಗಳ ಚರ್ಚೆ ಇಲ್ಲಿ ಬೇಡ. ಹಾವಿನದನ್ನು ಹೋಲುವ ಚಪ್ಪಟೆ ತಲೆ, ಉರುಟಾದ ಉದ್ದನೆಯ ಮೈ ಇದರ ಗುರುತು. ಇದೇ ಕುಲದ ದೊಡ್ಡ ಜಾತಿಯೊಂದು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ಆ ಜಾತಿ 2000ರಲ್ಲಿ ಅಮೆರಿಕದ ಫ್ಲಾರಿಡಾದ ನೀರಿನಲ್ಲಿ ಕಾಣಿಸಿಕೊಂಡಾಗ, ಬಾಸ್ ಮೀನಿನ ಗತಿಯೇನು ಎಂದು ಅಲ್ಲಿಯವರು ಚಿಂತಿಸಿದ್ದುಂಟು.

ಮುರೆಲ್ ಇರುವ ಜಾಗ ತಿಳಿಯಬೇಕಾದರೆ ಮೊದಲು ಅದರ ಉಸಿರಾಟವನ್ನು ತಿಳಿಯಬೇಕು. ಕಿವಿರುಗಳಲ್ಲದೆ ಗಾಳಿಯನ್ನೇ ಹೀರಬಲ್ಲ ಅಂಗವೊಂದು ಇದರ ತಲೆಯೊಳಗಿದೆ. ಬೆಳೆದ ಮೀನು ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ತಡೆದರೆ ನೀರಿನಲ್ಲಿದ್ದೂ ಉಸಿರುಗಟ್ಟಿ ಸಾಯುತ್ತದೆ. ದಡದಲ್ಲಿ ನಿಂತವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಯಾವುದಿದೆ? ಆದ್ದರಿಂದ ನಮ್ಮ ಮೊದಲ ಸಲಹೆ, ಕೆರೆಗೆ ಹೋದ ಕೂಡಲೇ ಗಾಳ ಬಿಚ್ಚಬೇಡಿ ಎಂಬುದು. ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಬೇಕು. ಅಂತರಗಂಗೆಯ ಹಾಸಿನಲ್ಲಿ, ತಾವರೆ ಎಲೆಗಳ ನಡುವೆ ಅಲ್ಲಲ್ಲಿ ತಟ್ಟೆಯಗಲದ ಬಯಲು ನೀರು ಇರುತ್ತದೆ. ಅಂಥ ಕಿಂಡಿಯೊಂದರಲ್ಲಿ ‘ಗುಳುಂ’ ಎಂಬ ಮೆಲುದನಿ ಕೇಳಿ, ಒಂದು ಉಂಗುರ ಎದ್ದು, ನಾಲ್ಕು ಗುಳ್ಳೆ ಒಡೆದರೆ ಅದು ಮುರೆಲ್ ಇರಬಹುದು. ತುಸು ಹೊತ್ತಿನ ಬಳಿಕ ಅದೇ ಕಿಂಡಿಯಲ್ಲೋ ಪಕ್ಕದಲ್ಲೋ ಮತ್ತೆ ಅದೇ ಸದ್ದಾದರೆ ಸಂಶಯ ಬೇಡ.

ದಡದ ಗಾಳಗಾರರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ದೂರಕ್ಕೆ ಎಸೆಯುವುದು. ಮೀನೆಲ್ಲ ಕೆರೆಯ ನಡುವೆಯೇ ಇದೆಯೆಂಬ ಭ್ರಮೆ ಅದಕ್ಕೆ ಕಾರಣ. ಬಾಸ್ ಆಗಲಿ ಮುರೆಲ್ ಆಗಲಿ, ಕಪ್ಪೆ, ಸಣ್ಣ ಮೀನು, ಹುಳುಹುಪ್ಪಟೆ ಸಿಗುವ ಅಂಚಿನಲ್ಲೇ ಹೊಂಚು ಹಾಕುತ್ತದೆ; ಎಷ್ಟೋ ಸಲ ನಾವು ನಿಂತ ಜಾಗದಿಂದ ಎರಡು ಮಾರು ದೂರದಲ್ಲೇ ಇರುತ್ತದೆ. ಆದ್ದರಿಂದ ಜೊಂಡು ಮುಗಿದು ಬಯಲು ನೀರು ಆರಂಭವಾಗುವ ಗೆರೆಯನ್ನು ಅನುಸರಿಸಿ, ದಡಕ್ಕೆ ಸಮಾನಾಂತರವಾಗಿ ಎಸೆಯುವುದು ಲೇಸು. ಸೂರ್ಯ ಬೆನ್ನಿಗಿದ್ದರೆ ನೀರೊಳಗೆ ಚೆನ್ನಾಗಿ ಕಾಣುತ್ತದೆ, ಆದರೆ ನಮ್ಮ ನೆರಳು ನೀರಿಗೆ ಬಿದ್ದು ಮೀನು ಬೆದರುತ್ತದೆ. ಹಾಗಾಗಿ ಕುಕ್ಕರಗಾಲಿನಲ್ಲಿ ಕುಳಿತು ನೋಡುವುದು ಒಳ್ಳೆಯದು. ಹೆಜ್ಜೆಯ ಸಪ್ಪಳವೂ ನೆಲದ ಮೂಲಕ ನೀರಿಗೆ ತಲುಪುತ್ತದೆ.

ನಮ್ಮ ಹಿರಿಯರು ಕಟ್ಟಿದ ಕೆರೆಗಳ ಅಂಗಾಂಗಗಳನ್ನು ಬಲ್ಲವರಿಗೆ ಮೀನಿನ ನೆಲೆಯೂ ಬೇಗ ತಿಳಿಯುತ್ತದೆ. ಹಳ್ಳ ಬಂದು ಕೂಡುವ ಬಾಯಿ, ನೀರಿನಲ್ಲಿ ಅರ್ಧ ಮುಳುಗಿದ ಜಾಲಿಮರಗಳ ಬುಡ, ಏರಿಯ ಕಲ್ಲುಹಾಸಿನ ಸಂದು ಇವೆಲ್ಲ ನೋಡತಕ್ಕ ಸ್ಥಳಗಳು. ಬೇಸಿಗೆಯಲ್ಲಿ ಕೆರೆಯಂಗಳ ಒಣಗುತ್ತ ಬಂದಂತೆ ಮೀನು ತೂಬಿನ ಬಳಿಯ ಆಳಕ್ಕೂ, ಮಣ್ಣು ತೆಗೆದ ಗುಂಡಿಗಳಿಗೂ ಸರಿಯುತ್ತದೆ. ಬಿಸಿಲೇರುವ ಮೊದಲು ಮತ್ತು ಇಳಿಹೊತ್ತಿನಲ್ಲಿ ಅದು ಬೇಟೆಗೆ ಅಂಚಿಗೆ ಬರುತ್ತದೆ. ಚಳಿಗಾಲದ ಮುಂಜಾನೆ ಮಾತ್ರ ಕಾಯುವುದು ವ್ಯರ್ಥ. ತೆಳುನೀರು ಬಿಸಿಲಿಗೆ ತುಸು ಕಾದ ಮೇಲೆ ಹೋದರೆ ಸಾಕು. ಗದ್ದೆಯ ಕಪ್ಪೆಯನ್ನು ಹಿಡಿದು ಗಾಳಕ್ಕೆ ಚುಚ್ಚುವ ಹಳೆಯ ರೂಢಿ ಈಗ ಬೇಕಿಲ್ಲ. ರಬ್ಬರ್ ಕಪ್ಪೆಯನ್ನು ಕಿಂಡಿಯಿಂದ ಒಂದು ಮಾರು ಆಚೆಗೆ ಎಸೆದು, ಎಲೆಗಳ ಮೇಲೆ ಜಾರಿಸುತ್ತ ಕಿಂಡಿಗೆ ತಂದು, ಅಲ್ಲಿ ಕ್ಷಣಕಾಲ ನಿಲ್ಲಿಸಿದರೆ ಫಲ ಕಾಣುತ್ತದೆ.

ಮಳೆಗಾಲದಲ್ಲಿ ದಡದವರ ಕಣ್ಣಿಗೆ ಬೀಳುವ ಇನ್ನೊಂದು ಗುರುತಿದೆ. ಎಲ್ಲಕ್ಕಿಂತ ಸುಲಭದ ಗುರುತು ಅದೇ. ನಿಂತ ನೀರಿನ ಒಂದೇ ಕಡೆ ಸಣ್ಣ ಮಳೆಹನಿ ಬಿದ್ದಂತೆ ಚಿಟಿಪಿಟಿ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಕೆಂಪು ಛಾಯೆಯ ನೂರಾರು ಮರಿಗಳು ಒಂದು ಉಂಡೆಯಂತೆ ಮೇಲೆದ್ದು ಉಸಿರೆಳೆದು ಮುಳುಗುತ್ತಿರುತ್ತವೆ. ಅದರಡಿಯಲ್ಲಿ ಹೆತ್ತ ಮೀನು ಕಾವಲಿರುತ್ತದೆ. ಹಸಿವಿಲ್ಲದಿದ್ದರೂ ಅದು ಉಂಡೆಯ ಬಳಿ ಬಿದ್ದುದನ್ನೆಲ್ಲ ಕಚ್ಚುತ್ತದೆ, ಮರಿಗಳ ವೈರಿಯೆಂದು ಬಗೆದು. ಹೀಗಾಗಿ ಅಲ್ಲಿ ಗಾಳ ಹಾಕಿದವನು ಬರಿಗೈಯಲ್ಲಿ ಬರುವುದು ವಿರಳ.

ತುಮಕೂರು ಜಿಲ್ಲೆಯ ನಮ್ಮೂರಿನ ಕೆರೆಯಲ್ಲಿ, ಹದಿನಾಲ್ಕರ ಹರೆಯದಲ್ಲಿ, ನಾವೂ ಹಾಗೆ ಒಂದನ್ನು ಹಿಡಿದೆವು. ಮೊಳಕ್ಕಿಂತ ಉದ್ದನೆಯ ಮೀನು. ಏರಿಯ ಮೇಲೆ ನಿಂತವರೆಲ್ಲ ಹೊಗಳಿದರು. ಸೋದರಮಾವ ಮಾತ್ರ ‘ಮರಿ ಕಾಯೋ ಮೀನ್ನ ಯಾಕೋ ಹಿಡ್ದೆ?’ ಎಂದಷ್ಟೇ ಕೇಳಿ ಬುಟ್ಟಿಯತ್ತ ನೋಡದೆ ಹೋದರು. ನಮಗೆ ಅರ್ಥವಾಗಲಿಲ್ಲ. ಮರುದಿನ ಅದೇ ಜಾಗಕ್ಕೆ ಹೋದಾಗ ಕೆಂಪು ಉಂಡೆ ಚದುರಿಹೋಗಿತ್ತು. ಜಿಲೇಬಿ ಮೀನುಗಳು ಅಂಚಿನಲ್ಲಿ ಮುಗಿಬಿದ್ದಿದ್ದವು, ಎರಡು ಬೆಳ್ಳಕ್ಕಿಗಳು ತೆಳುನೀರಿನಲ್ಲಿ ನಿಂತು ಒಂದೇ ಸಮನೆ ಕುಕ್ಕುತ್ತಿದ್ದವು. ಬಾಸ್ ಮೀನಿನಲ್ಲಿಯೂ ಗೂಡು ಕಾಯುವ ಗಂಡನ್ನು ಎತ್ತಿದರೆ ಹೀಗೆಯೇ ಆಗುತ್ತದೆ. ಕೆಂಪು ಉಂಡೆ ಕಂಡ ಕಡೆ ಗಾಳ ಹಾಕಬಾರದು ಎಂಬುದು ಅಂದಿನಿಂದ ನಮ್ಮ ನಿಯಮ. ಮರಿಗಳು ಬಣ್ಣ ಬದಲಿಸಿ ಚದುರುವವರೆಗೆ, ಎಂದರೆ ಕೆಲವು ವಾರ, ಆ ಅಂಚನ್ನು ಬಿಟ್ಟು ಬೇರೆಡೆ ನೋಡಬಹುದು. ಕೆರೆಯೇನು ಚಿಕ್ಕದೇ?

ಇನ್ನು ವ್ಯವಹಾರದ ಮಾತು. ಬಹುತೇಕ ಕೆರೆಗಳಲ್ಲಿ ಮೀನಿನ ಹಕ್ಕು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಮೊದಲು ವಿಚಾರಿಸಿ ಅನುಮತಿ ಪಡೆಯತಕ್ಕದ್ದು. ಮುರೆಲ್ ಗಾಳಿ ಹೀರಿ ಬದುಕುವುದರಿಂದ, ಬೇರೆ ಮೀನು ಸಾಯುವ ಕೊಳಕು ನೀರಿನಲ್ಲೂ ಉಳಿಯುತ್ತದೆ. ಹೀಗಾಗಿ ನಗರದ ಚರಂಡಿ ಸೇರುವ ಕೆರೆಯಲ್ಲಿ ಅದು ಪುಷ್ಟವಾಗಿ ಕಂಡಿತೆಂದು ನೀರು ಒಳ್ಳೆಯದೆಂದು ತಿಳಿಯಬಾರದು, ಮನೆಗೆ ತಂದು ಬೇಯಿಸಲೂ ಬಾರದು.

ಮಕ್ಕಳನ್ನು ಕರೆದೊಯ್ಯುವವರಿಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ ಮಣ್ಣು ತೆಗೆದ ಗುಂಡಿಗಳು ಬೇಸಿಗೆಯಲ್ಲಿ ಮೀನಿಗೆ ಹೇಗೆ ಆಸರೆಯೋ ಮಳೆ ಬಂದು ನೀರು ತುಂಬಿದಾಗ ಮನುಷ್ಯರಿಗೆ ಹಾಗೆಯೇ ಅಪಾಯ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಇಳಿಯಬಹುದು. ಮೇಲಿನಿಂದ ಏನೂ ತಿಳಿಯದು. ತೂಬು ತೆರೆದಿರುವಾಗ ಅದರ ಸಮೀಪಕ್ಕೂ, ಕೋಡಿ ಹರಿಯುವಾಗ ಅದರ ಪಾಚಿಗಟ್ಟಿದ ಕಲ್ಲುಗಳ ಮೇಲಕ್ಕೂ ಹೋಗಕೂಡದು. ಗಾಳ ಕಳೆಗೆ ಸಿಕ್ಕಿಕೊಂಡರೆ ದಾರವನ್ನು ಕತ್ತರಿಸಿ ಬಿಡಿ. ಅದನ್ನು ಬಿಡಿಸಲು ಯಾರೂ ನೀರಿಗೆ ಇಳಿಯಬಾರದು. ರಬ್ಬರ್ ಕಪ್ಪೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.