ಕೀಲಿನ ಗ್ರೀಸು, ಕೊಳವೆಬಾವಿಯ ನೀರು

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಹತ್ತುವಾಗ ಎದೆ ದಣಿಯುತ್ತದೆ, ಇಳಿಯುವಾಗ ಮಂಡಿ. ಇಳಿಯುವ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಭಾರ ಬೀಳುತ್ತದೆ. ಆದರೆ ಆರೋಗ್ಯವಂತ ಮಂಡಿಯೊಳಗಿನ ದ್ರವ ಒಂದು ಟೀ ಚಮಚವನ್ನೂ ತುಂಬದು. ‘ಮೊಣಕಾಲಾಗ ಗ್ರೀಸ್ ಕಮ್ಮಿ ಆಗೇತ್ರೀ’ ಎಂದು ನಮ್ಮ ಕಡೆ ಹೇಳುವುದು ಈ ದ್ರವದ ಬಗ್ಗೆಯೇ.

ಈ ಮಾತಿಗೆ ಹಳೆಯ ವಂಶಾವಳಿಯಿದೆ. ಎಣ್ಣೆ ಸವರಿದ ಅಚ್ಚಿನ ಮೇಲೆ ಗಾಲಿ ಸಲೀಸಾಗಿ ತಿರುಗುವಂತೆ ಕಫದ ಲೇಪದಿಂದ ಕೀಲುಗಳು ಆಡುತ್ತವೆ ಎಂಬ ಹೋಲಿಕೆ ಸುಶ್ರುತ ಸಂಹಿತೆಯಲ್ಲೇ ಬರುತ್ತದೆ. ಯುರೋಪಿನಲ್ಲಿ 1691ರಲ್ಲಿ ಕ್ಲಾಪ್ಟನ್ ಹ್ಯಾವರ್ಸ್ ಈ ದ್ರವ ಕೀಲಿನೊಳಗೇ ಒಸರುತ್ತದೆ ಎಂದು ವಿವರಿಸಿದ. 1743ರಲ್ಲಿ ವಿಲಿಯಂ ಹಂಟರ್ ಕೀಲಿನಲ್ಲಿ ಎಲುಬಿನ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಯ ರಚನೆಯನ್ನು ಬಿಡಿಸಿಟ್ಟ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನಿಂದ ಹಯಲುರೋನಿಕ್ ಆಮ್ಲವನ್ನು ಬೇರ್ಪಡಿಸಿದರು. ಕೀಲಿನ ದ್ರವಕ್ಕೆ ಲೋಳೆತನ ಬರುವುದೂ ಇದರಿಂದಲೇ ಎಂಬುದು ಆಮೇಲೆ ತಿಳಿಯಿತು.

ವಿಚಾರ ನಿಜಕ್ಕೂ ಮಗ್ಗುಲು ಬದಲಿಸಿದ್ದು 1959ರಲ್ಲಿ. ಅಲ್ಲಿಯವರೆಗೆ ಎಂಜಿನ್ನಿನ ಬೇರಿಂಗಿನಲ್ಲಿರುವಂತೆ ಮಂಡಿಯಲ್ಲೂ ದ್ರವದ ಪದರವೇ ಭಾರ ಹೊರುತ್ತದೆ ಎಂಬ ವಾದ ಗಟ್ಟಿಯಾಗಿತ್ತು. ನಿಂತು, ತಿರುಗಿ, ಮತ್ತೆ ಹೊರಡುವ ಮಂಡಿಯಲ್ಲಿ ಅಂಥ ಪದರ ಉಳಿಯದು ಎಂದರು ಜಾನ್ ಚಾರ್ನ್‌ಲಿ. ಅದೇ ವರ್ಷ ಮೆಕಚನ್ ಮೃದ್ವಸ್ಥಿಯತ್ತಲೇ ಬೆರಳು ತೋರಿಸಿದರು. ಮೃದ್ವಸ್ಥಿಯ ಮುಕ್ಕಾಲು ಪಾಲು ನೀರು. ಭಾರ ಬಿದ್ದಾಗ ಸಂದುಗಳಲ್ಲಿ ಸಿಕ್ಕಿಕೊಂಡ ಆ ನೀರಿನ ಒತ್ತಡವೇ ಮೊದಲು ಹೊರೆ ಹೊರುತ್ತದೆ, ಸ್ವಲ್ಪ ಮೇಲ್ಮೈಗೆ ಜಿನುಗುತ್ತದೆ. ಭಾರ ಇಳಿದೊಡನೆ ದ್ರವ ಒಳಗೆ ಮರಳುತ್ತದೆ. ಮೃದ್ವಸ್ಥಿಗೆ ರಕ್ತನಾಳವಿಲ್ಲ, ಈ ಹೋಗಿಬರುವ ದ್ರವದಲ್ಲೇ ಅದರ ಊಟ. ಮಂಡಿನೋವೆಂದು ನಡಿಗೆಯನ್ನೇ ಬಿಟ್ಟು ಕೂರುವುದು ಸರಿಯಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ. ಲ್ಯೂಬ್ರಿಸಿನ್ ಎಂಬ ಪ್ರೋಟೀನು ಮೇಲ್ಮೈಯನ್ನು ನುಣುಪಾಗಿಡುವ ಸಂಗತಿ ಮುಂದಿನ ದಶಕಗಳಲ್ಲಿ ಸೇರಿಕೊಂಡಿತು.

ಇಷ್ಟಾದರೂ ಮಾರುಕಟ್ಟೆ ಗ್ರೀಸಿನ ಕಥೆಯಲ್ಲೇ ನಿಂತಿದೆ. ಸವೆದ ಮಂಡಿಯಲ್ಲಿ ದ್ರವ ಆರಿಹೋಗುವುದಕ್ಕಿಂತ ಹೆಚ್ಚಾಗಿ ತೆಳುವಾಗುತ್ತದೆ. ಎಷ್ಟೋ ಸಲ ತುಂಬಿಕೊಂಡು ಊದಿಕೊಳ್ಳುವುದೂ ಉಂಟು. ಗ್ರೀಸಿನಂತೆ ಮಂಡಿಗೆ ಚುಚ್ಚುವ ಹಯಲುರೋನಿಕ್ ಆಮ್ಲದ ಜೆಲ್ಲನ್ನು ಶಿಫಾರಸು ಮಾಡಲಾಗದೆಂದು ಅಮೆರಿಕದ ಮೂಳೆ ತಜ್ಞರ ಅಕಾಡೆಮಿ 2013ರಲ್ಲೇ ಹೇಳಿತು.

ಕೊಪ್ಪಳ ಜಿಲ್ಲೆಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಶೋಧನೆಯ ಎಳೆಯಿದೆ. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಕಡೆಯ ಜನರ ಬೆನ್ನು, ಕುತ್ತಿಗೆ ಸೆಟೆದುಕೊಳ್ಳುವುದಕ್ಕೆ ಕುಡಿಯುವ ನೀರಿನ ಫ್ಲೋರೈಡ್ ಕಾರಣವೆಂದು ತೋರಿಸಿದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ, ಅಂಥ ನೀರಿನ ಸೀಮೆಯ ಎಳೆಯರಲ್ಲಿ ಮಂಡಿಗಳು ಒಂದಕ್ಕೊಂದು ತಾಗುವಂತೆ ಕಾಲು ಸೊಟ್ಟಗಾಗುವುದನ್ನು ವರದಿ ಮಾಡಿದರು. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯ ಮಾತು ಬೇರೆ. ಕುಷ್ಟಗಿ, ಯಲಬುರ್ಗಾದ ಗಟ್ಟಿ ಕಲ್ಲಿನ ನೆಲದಲ್ಲಿ ಕೊಳವೆಬಾವಿಯೇ ಬಹುಕಾಲ ಗತಿಯಾಗಿತ್ತು. ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸುದ್ದಿ. ಫ್ಲೋರೈಡಿನಿಂದ ಕೆಡುವುದು ಮಂಡಿಯ ದ್ರವವಲ್ಲ; ಎಲುಬು ದಪ್ಪಗಾಗುತ್ತದೆ, ಎಲುಬನ್ನು ಬಿಗಿದಿಡುವ ಕಟ್ಟುಗಳಲ್ಲಿ ಸುಣ್ಣ ಕಟ್ಟುತ್ತದೆ. ಶುರುವಿನ ನೋವು ಥೇಟ್ ಸಂಧಿವಾತದಂತೆಯೇ ಇರುವುದರಿಂದ ಗುರುತು ತಪ್ಪುತ್ತದೆ. ಯಾವ ಜೆಲ್ ಚುಚ್ಚಿದರೂ ಆ ಸುಣ್ಣ ಕರಗುವುದಿಲ್ಲ.

ಆದ್ದರಿಂದ ಮಂಡಿಗೆ ದುಡ್ಡು ಸುರಿಯುವ ಮುನ್ನ ನಿಮ್ಮ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ ಎಂದು ಗ್ರಾಮ ಪಂಚಾಯ್ತಿಯನ್ನು ಕೇಳಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಕುಡಿಯಲೂ ಅಡುಗೆಗೂ ಆ ನೀರು ಬೇಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ.